ಗಾಜಿನ ಹಿಂದಿನ ಮದುಮಗಳು

ಬೆಳಿಗ್ಗೆ ಚಹಾ ಸೋಸಿದ ಮೇಲೆ ಸರಸ ಮೊದಲು ತುಂಬಿಸುವುದು ಗಂಡನ ಲೋಟವನ್ನಲ್ಲ, ತನ್ನದನ್ನೂ ಅಲ್ಲ. ಅಡುಗೆಮನೆಯ ಕಿಟಕಿಯ ದಂಡೆಯಲ್ಲಿ ಒಂದು ಪುಟ್ಟ ಸ್ಟೀಲಿನ ಲೋಟ ಇರುತ್ತಿತ್ತು. ಅದರ ಅಂಚು ಒಂದು ಕಡೆ ಸ್ವಲ್ಪ ನಗ್ಗಿತ್ತು. ಅದಕ್ಕೆ ಮುಕ್ಕಾಲು ಪಾಲು ಹಾಲು, ಮೇಲಿನಿಂದ ಬಣ್ಣ ಬರುವಷ್ಟು ಚಹಾ, ಒಂದು ಚಮಚ ಹೆಚ್ಚಿನ ಸಕ್ಕರೆ. ಅದನ್ನು ದಂಡೆಯಲ್ಲಿಟ್ಟು ದೇವರ ಮುಂದೆ ದೀಪ ಹಚ್ಚಿ ಬರುವಷ್ಟರಲ್ಲಿ ಚಹಾ ಆರಿರುತ್ತಿತ್ತು. ಆರಿದ್ದನ್ನು ಹಿತ್ತಿಲ ದಾಸವಾಳದ ಬುಡಕ್ಕೆ ಸುರಿದು, ಲೋಟ ತೊಳೆದು ಕವುಚಿಟ್ಟ ಮೇಲೆಯೇ ಅವಳ ಬಾಯಿಗೆ ಚಹಾ. ಜ್ವರದಲ್ಲಿ ನಡುಗುತ್ತಿದ್ದ ದಿನ ಗೋಡೆ ಹಿಡಿದುಕೊಂಡು ಬಂದು ಇದೊಂದನ್ನು ಮಾಡಿದ್ದಾಳೆ. ತವರಿಗೆ ಹೋದಾಗಲೂ ಲೋಟವನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಜೊತೆಗೆ ಒಯ್ದಿದ್ದಾಳೆ. ನೋಡಿದವರು ಯಾರೂ ಏಕೆಂದು ಕೇಳುತ್ತಿರಲಿಲ್ಲ. ಕೇಳಬಾರದೆಂದು ಅವರಿಗೆ ತಾನಾಗಿ ತಿಳಿಯುತ್ತಿತ್ತು.

ಆ ಲೋಟ ಅವಳ ಒಬ್ಬಳೇ ಮಗಳು ತೃಪ್ತಿಯದು. ಐದು ತುಂಬಿ ಆರಕ್ಕೆ ಕಾಲಿಟ್ಟ ವರ್ಷ ಹುಡುಗಿ ಜ್ವರದಲ್ಲಿ ತೀರಿಕೊಂಡಳು. ಆಗ ಗಂಡ ಮುಂಡಪ್ಪ ಬಹರೈನಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದ. ಅವನು ಊರು ಮುಟ್ಟುವಾಗ ಎಲ್ಲ ಮುಗಿದಿತ್ತು. ಅವನ ಪೆಟ್ಟಿಗೆಯಲ್ಲಿ ಮಗಳಿಗೆಂದು ತಂದ ಹಾಲಿನ ಪುಡಿಯ ಡಬ್ಬವಿತ್ತು. ಸರಸ ಅದನ್ನು ಒಡೆಯಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ಮುಚ್ಚಳಕ್ಕೆ ತುಕ್ಕು ಹಿಡಿದ ಮೇಲೆ ಒಂದು ದಿನ ಡಬ್ಬ ಅಟ್ಟದಲ್ಲಿರಲಿಲ್ಲ. ಮುಂಡಪ್ಪ ಎಲ್ಲೋ ಹೂತಿರಬೇಕು.

ಆ ಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಮುಂಡಪ್ಪ ಗಲ್ಫ್ ಬಿಟ್ಟು ಬಂದು ಸಿದ್ಧಕಟ್ಟೆಯಲ್ಲಿ ರಿಕ್ಷಾ ಇಟ್ಟ. ಸರಸಳೊಳಗೆ ಮಾತ್ರ ಏನೋ ಒಂದು ಜೋಮು ಹಿಡಿದು ಕೂತಿತು. ಕಾಲು ಮಡಚಿ ಬಹಳ ಹೊತ್ತು ಕೂತವರಿಗೆ ಕಾಲು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ಹಾಗೆ. ನಡೆದರೆ ಬಿಡುತ್ತದೆ ಎಂದುಕೊಂಡು ಅವಳು ನಡೆದಳು. ಬಿಡಲಿಲ್ಲ. ಮದುವೆಗೆ ಹೋದಳು, ಭಜನೆಗೆ ಹೋದಳು, ನಗುವಲ್ಲಿ ನಕ್ಕಳು. ಅಳುವವರ ಪಕ್ಕದಲ್ಲಿ ಕೂತು ಅವರ ಕಥೆಯನ್ನು ಕೊನೆಯವರೆಗೆ ಕೇಳಿದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ.

ಕೆಲಸಕ್ಕೆ ಹೋಗುವುದು ಮೂಡುಬಿದಿರೆಗೆ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಅಶ್ವಿತ್ ಎಂಬ ಹುಡುಗನ ಗೇಮ್ಸ್ ಸೆಂಟರ್ ಇದೆ. ಕೂತು ಕಾರು ಓಡಿಸುವ ಮಷಿನುಗಳು, ಕೋವಿ ಹಿಡಿದು ಗುಂಡು ಹಾರಿಸುವ ಮಷಿನುಗಳು, ಮೂಲೆಯಲ್ಲಿ ಒಂದು ಹಳೆಯ ಪಿನ್‌ಬಾಲ್. ಸರಸ ಟೋಕನ್ ಕೊಡುವ ಕೌಂಟರಿನಲ್ಲಿ ಕೂರುತ್ತಾಳೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಾಜು ಒರೆಸುತ್ತಾಳೆ. ಪಿನ್‌ಬಾಲ್ ಅಂದರೆ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡೊಂದನ್ನು ಸ್ಪ್ರಿಂಗಿನಿಂದ ಚಿಮ್ಮಿಸುವುದು. ಅದು ಅಲ್ಲಿ ಇಲ್ಲಿ ತಾಗಿ, ಗಂಟೆ ಬಾರಿಸಿ, ಕೆಳಗೆ ಉರುಳಿ ಬರುವಾಗ ಎರಡು ಪುಟ್ಟ ಕೈಗಳಿಂದ ಅದನ್ನು ಪುನಃ ಮೇಲಕ್ಕೆ ಬಡಿಯುವುದು. ಎಷ್ಟು ಬಡಿದರೂ ಕೊನೆಗೆ ಗುಂಡು ಆ ಎರಡು ಕೈಗಳ ನಡುವಿನಿಂದಲೇ ಜಾರಿ ಹೋಗುತ್ತದೆ. ಕಾಲೇಜಿನ ಮಕ್ಕಳು ಆಗ ತಲೆಗೆ ಕೈ ಹೊಡೆದುಕೊಳ್ಳುತ್ತಾರೆ. ಸರಸ ಅದನ್ನು ಎಷ್ಟೋ ಸಲ ನೋಡಿದ್ದಾಳೆ.

ಈ ವರ್ಷ ಆಟಿ ತಿಂಗಳು, ಅಂದರೆ ತುಳುವರ ಆಷಾಢ, ಹತ್ತಿರ ಬರುವಾಗ ತೃಪ್ತಿಗೆ ಒಂದು ಸಂಬಂಧ ಬಂತು.

ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ತುಳುನಾಡಿನಲ್ಲಿ ಸತ್ತ ಮಕ್ಕಳು ಸತ್ತ ವಯಸ್ಸಿನಲ್ಲೇ ನಿಲ್ಲುವುದಿಲ್ಲ. ಅವರೂ ಬೆಳೆಯುತ್ತಾರೆ. ಸತ್ತವರ ಜೀವಕ್ಕೆ ಕುಲೆ ಎನ್ನುತ್ತಾರೆ. ಪ್ರಾಯಕ್ಕೆ ಬಂದ ಕುಲೆಗೆ ಮದುವೆ ಮಾಡಬೇಕು. ಮಾಡದಿದ್ದರೆ ಸತ್ತ ಹಿರಿಯರಿಗೆ ಬಡಿಸುವ ಸಾಲಿನಲ್ಲಿ ಅದಕ್ಕೆ ಎಲೆ ಇಲ್ಲ, ಹೊಸ್ತಿಲಿನ ಹೊರಗೆ ನಿಂತೇ ಇರುತ್ತದೆ. ಆದ್ದರಿಂದ ಜೀವಂತ ಮಕ್ಕಳಿಗೆ ನೋಡಿದ ಹಾಗೆಯೇ ಜಾತಿ, ಬಳಿ ಎನ್ನುವ ಗೋತ್ರ, ಮನೆತನ ಎಲ್ಲ ನೋಡಿ, ಪ್ರಾಯಕ್ಕೆ ಹೊಂದುವ ಇನ್ನೊಂದು ಕುಲೆಯನ್ನು ಹುಡುಕಿ ಆಟಿಯಲ್ಲಿ ಮದುವೆ ಮಾಡುತ್ತಾರೆ. ಬದುಕಿದ್ದರೆ ಇಪ್ಪತ್ತು ದಾಟಿರಬೇಕಾಗಿದ್ದ ತೃಪ್ತಿಗೆ ಹೋದ ವರ್ಷ ಬಂದ ಸಂಬಂಧದಲ್ಲಿ ಎರಡೂ ಕಡೆ ಒಂದೇ ಬಳಿಯಾಗಿ ಮುರಿದು ಹೋಗಿತ್ತು. ಈ ಸಲ ಮಧ್ಯಸ್ಥಿಕೆಯ ಲೋಕಯ್ಯ ತಂದದ್ದು ಬೆಳ್ತಂಗಡಿ ಆಚೆ ಕಕ್ಕಿಂಜೆಯ ಧರ್ಣಪ್ಪನ ಮಗನನ್ನು. ಹುಡುಗನ ಹೆಸರು ರಂಜಿತ್. ಎರಡು ವರ್ಷದ ಮಗುವಾಗಿದ್ದಾಗ ಹೋದವನು.

"ಇದು ತಪ್ಪಿದರೆ ಇನ್ನು ನನ್ನ ಕೈಯಲ್ಲಿ ಗಂಡಿಲ್ಲ," ಎಂದ ಲೋಕಯ್ಯ. "ಈಗಿನ ಮಕ್ಕಳು ದೇವರ ದಯೆಯಿಂದ ಸಾಯುವುದಿಲ್ಲ ಮಾರಾಯ್ರೆ. ಒಳ್ಳೆಯದೇ. ಆದರೆ ಇದ್ದವರಿಗೆ ಜೋಡಿ ಎಲ್ಲಿಂದ ತರುವುದು?"

ಸರಸಳಿಗೆ ಬೇಕಾದದ್ದು ಒಂದೇ, ಮಗಳು ಹೊರಗೆ ನಿಲ್ಲಬಾರದು. ತಾನೂ ಗಂಡನೂ ಹೋದ ಮೇಲೆ ಅವಳಿಗೆ ಎಲೆ ಹಾಕುವವರು ಯಾರು? ದಾಸವಾಳದ ಬುಡಕ್ಕೆ ಹಾಲು ಚಹಾ ಸುರಿಯುವವರು ಯಾರು?

ನಿಶ್ಚಿತಾರ್ಥಕ್ಕೆ ಧರ್ಣಪ್ಪನೂ ಅವನ ಹೆಂಡತಿ ದೇಜಮ್ಮನೂ ಬಂದರು. ದೇಜಮ್ಮ ಗಟ್ಟಿ ಹೆಂಗಸು. ಬಾಯಲ್ಲಿ ಎಲೆಯಡಿಕೆ, ಮಾತಿನಲ್ಲಿ ಸುಣ್ಣ ಸ್ವಲ್ಪ ಹೆಚ್ಚು. ಬಾಳೆಲೆಯ ಮೇಲೆ ವೀಳ್ಯ ಬದಲಾಯಿತು. ಹುಡುಗಿಗೆ ಗಂಡಿನ ಕಡೆಯ ಹಸಿರು ಸೀರೆ ಕೊಟ್ಟರು.

"ನಮ್ಮವನು ಮೀನಿಲ್ಲದೆ ಎಲೆಯ ಮುಂದೆ ಕೂರುವವನಲ್ಲ," ಎಂದ ಧರ್ಣಪ್ಪ. "ಈಗಲೇ ಹೇಳಿಬಿಡ್ತೇನೆ. ಆಮೇಲೆ ಹುಡುಗಿಗೆ ಕಷ್ಟ ಆಗಬಾರದು."

"ಎರಡು ವರ್ಷದಲ್ಲಿ ಹೋದವನಿಗೆ ಮೀನಿನ ರುಚಿ ಹೇಗೆ ಗೊತ್ತಾಯ್ತು?" ಎಂದು ಲೋಕಯ್ಯ ಕೆಣಕಿದ.

"ನನ್ನ ಕನಸಿನಲ್ಲಿ ಬಂದು ಬಂಗುಡೆ ಕೇಳ್ತಾನೆ. ಮೀಸೆ ಬಂದಿದೆ ಅವನಿಗೆ. ನೀವು ನೋಡಿದ್ದೀರಾ, ನಾನು ನೋಡಿದ್ದಾ?"

ಎಲ್ಲರೂ ನಕ್ಕರು. ಮುಂಡಪ್ಪನೂ ನಕ್ಕ. ದೇಜಮ್ಮ ನೀರು ಕುಡಿಯಲೆಂದು ಅಡುಗೆಮನೆಗೆ ಬಂದವಳು ಕಿಟಕಿಯ ಲೋಟವನ್ನು ನೋಡಿದಳು.

"ಇದು ಯಾರಿಗೆ ಸರಸಕ್ಕ?"

"ಮಗುವಿಗೆ," ಎಂದಳು ಸರಸ. "ಬೆಳಿಗ್ಗೆ ಹಾಲು ಚಹಾ ಕೊಡ್ತೇನೆ. ಚಪ್ಪರಿಸಿ ಕುಡೀತಾಳೆ. ಕುಡಿದು ಮೂತಿಯನ್ನು ನನ್ನ ಸೆರಗಿಗೆ ಒರೆಸುವುದು."

ದೇಜಮ್ಮ ಲೋಟವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಇದ್ದಲ್ಲೇ ಇಟ್ಟಳು. ಆ ಮೇಲೆ ಊಟವನ್ನು ಅರ್ಧಕ್ಕೆ ಬಿಟ್ಟಳು. ಪ್ರಯಾಣದ ಆಯಾಸ ಇರಬೇಕೆಂದು ಸರಸ ಅಂದುಕೊಂಡಳು.

ಮರುದಿನ ಅವಳು ಹಸಿರು ಸೀರೆಯ ತುದಿಯ ರವಿಕೆ ಬಟ್ಟೆಯನ್ನು ಕತ್ತರಿಸಿ, ಗೇಮ್ಸ್ ಸೆಂಟರಿನ ಕೆಳಗೆ ಟೈಲರಿಂಗ್ ಅಂಗಡಿ ಇಟ್ಟಿರುವ ಆಯಿಶಮ್ಮನಿಗೆ ಕೊಟ್ಟಳು. ಅಳತೆಗೆಂದು ಒಂದು ಹಳೆಯ ಫ್ರಾಕು. ಬಗಲಲ್ಲಿ ಬಣ್ಣ ಮಾಸಿ, ಬೆನ್ನಿನ ಒಂದು ಗುಂಡಿ ಉದುರಿದ್ದ ಫ್ರಾಕು. ಆಯಿಶಮ್ಮ ಫ್ರಾಕನ್ನು ಮಡಿಲಲ್ಲಿ ಹರಡಿಕೊಂಡಳು. ಮತ್ತೆ ಸರಸಳ ಮುಖ ನೋಡಿದಳು.

"ಯಾವಾಗ ಬೇಕು?"

"ಆಟಿ ಅಮಾವಾಸ್ಯೆಗೆ ಮೊದಲು."

"ಆಗಲಿ, ಇಟ್ಟು ಹೋಗಿ," ಎಂದಳು ಆಯಿಶಮ್ಮ. ಸರಸ ಅಲ್ಲಿಂದ ಬಳೆ ಅಂಗಡಿಗೆ ಹೋಗಿ ಹಸಿರು ಬಳೆ ಕೊಂಡಳು. ಎರಡು ಬೆರಳು ಹಾಕಿದರೆ ತುಂಬುವ ಬಳೆಗಳು.

ನಾಲ್ಕು ದಿನ ಕಳೆದು ಲೋಕಯ್ಯನ ಫೋನ್ ಬಂತು. ಅವಳು ಕೌಂಟರಿನಲ್ಲಿದ್ದಳು. ಹಿಂದೆ ಮಷಿನುಗಳ ಗದ್ದಲ.

"ಸರಸಕ್ಕ, ಕಕ್ಕಿಂಜೆಯವರು ಮದುವೆಗೆ ಅಷ್ಟು ಮನಸ್ಸು ಮಾಡ್ತಾ ಇಲ್ಲ."

"ಯಾಕೆ? ಬಳಿಯದ್ದು ಏನಾದರೂ..."

"ಬಳಿ ಎಲ್ಲ ಸರಿಯುಂಟು. ದೇಜಮ್ಮ ಹೇಳಿದ್ದನ್ನು ಹಾಗೇ ಹೇಳ್ತೇನೆ, ಬೇಸರ ಮಾಡಬೇಡಿ. ನಮ್ಮ ಹುಡುಗನಿಗೆ ಇಪ್ಪತ್ತೆಂಟು, ಅವರು ಕೊಡುವುದು ಹುಡುಗಿಯನ್ನೋ ಮಗುವನ್ನೋ ಅಂತ ಕೇಳಿದಳು. ತೊಟ್ಟಿಲು ತಕ್ಕೊಂಡು ಬರಬೇಕಾ ಅಂತಲೂ ಕೇಳಿದಳು."

ಸರಸ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ನಾನು ಎಂತ ಮಾಡಬೇಕು ಲೋಕಯ್ಯಣ್ಣ?"

"ಅದನ್ನು ನಾನು ಹೇಗೆ ಹೇಳುವುದು? ನೀವು ಹೆತ್ತವರು. ಆದಿತ್ಯವಾರದ ಒಳಗೆ ಒಂದು ಮಾತು ತಿಳಿಸಿ. ಇಲ್ಲದಿದ್ದರೆ ಅವರು ಸೀರೆ ವಾಪಸು ಕೇಳ್ತಾರೆ."

ಅವಳಿಗೆ ಅರ್ಥವಾಗಲಿಲ್ಲ. ಕೊಡುವುದು ತೃಪ್ತಿಯನ್ನಲ್ಲವೇ? ತೃಪ್ತಿ ಅಂದರೆ ತೃಪ್ತಿ. ಅವಳು ಹೇಗಿದ್ದಳೋ ಹಾಗೆ. ಇಷ್ಟು ಎತ್ತರ, ಮುಂದಿನ ಒಂದು ಹಲ್ಲು ಇಲ್ಲ, ಸೆರಗಿಗೆ ಮೂತಿ ಒರೆಸುವವಳು. ಮಗಳು ಬೆಳೆದಿದ್ದಾಳೆ ಎಂದು ಬಾಯಲ್ಲಿ ಎಲ್ಲರ ಹಾಗೆ ಅವಳೂ ಹೇಳುತ್ತಿದ್ದಳು. ಬೆಳೆದದ್ದಕ್ಕೇ ಅಲ್ಲವೇ ಗಂಡು ನೋಡಿದ್ದು? ಆದರೂ ಲೋಟದ ಮುಂದೆ ದಿನಾ ಬಂದು ಕೂರುವವಳಿಗೆ ಐದೇ ವರ್ಷ. ಸಂಜೆಯವರೆಗೆ ಯೋಚಿಸಿದರೂ ಎಲ್ಲಿ ತಪ್ಪಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಹೆದರಿಕೆಯೂ ಆಗಲಿಲ್ಲ. ಸೀರೆ ವಾಪಸು ಕೊಡುವುದಾದರೆ ರವಿಕೆ ಬಟ್ಟೆಯನ್ನು ಕತ್ತರಿಸಿ ಆಗಿದೆಯಲ್ಲ ಎಂದಷ್ಟೇ ಬಂತು ಮನಸ್ಸಿಗೆ.

ಮರುದಿನ ಬೆಳಿಗ್ಗೆ ಗೇಮ್ಸ್ ಸೆಂಟರಿನ ಶಟರ್ ಎತ್ತುವ ಮೊದಲೇ ಅಶ್ವಿತ್ ಮೆಟ್ಟಿಲಲ್ಲಿ ಕಾಯುತ್ತಿದ್ದ. ಅವನ ಅಪ್ಪನಿಗೆ ಮುಂಬೈಯಲ್ಲಿ ಹೋಟೆಲು. ಮಗನಿಗೆ ಹೋಟೆಲು ಬೇಡ, ಪಿನ್‌ಬಾಲ್ ಬೇಕು. ಇನ್ನೂ ಮದುವೆಯಾಗಿಲ್ಲ. ಹುಡುಗಿ ನೋಡಲು ಹೋದಲ್ಲೂ ಮಷಿನಿನ ವಿಷಯವನ್ನೇ ಮಾತಾಡುತ್ತಾನೆಂದು ಅವನ ತಾಯಿಯ ದೂರು.

"ಸರಸಕ್ಕ, ಇದೊಂದು ನೋಡಿ. ನಿನ್ನೆ ಅನೌನ್ಸ್ ಮಾಡಿದ್ದಷ್ಟೇ. ಅಮೆರಿಕದ್ದು. ಹೊಸ ಪಿನ್‌ಬಾಲ್, ಹಾರರ್ ಥೀಮ್."

"ಮಷಿನ್ ಬಂತಾ?"

"ಇಲ್ಲ ಇಲ್ಲ, ಬರ್ಲಿಕ್ಕೆ ತಿಂಗಳುಗಟ್ಟಲೆ ಉಂಟು. ಈಗ ವಿಡಿಯೋ ಮಾತ್ರ. ನಾನು ಬುಕ್ ಮಾಡುವ ಅಂತ ಇದ್ದೇನೆ. ಅದಕ್ಕೆ ಮೊದಲು ನೀವು ನೋಡಿ ಹೇಗುಂಟು ಹೇಳಿ. ಮಕ್ಕಳ ಜೊತೆ ಅಮ್ಮಂದಿರು ಬರ್ತಾರಲ್ಲ, ಅವರು ಹೆದರಿ ಓಡಿದರೆ ಕಷ್ಟ."

ಅವನು ಫೋನನ್ನು ಕೌಂಟರಿನ ಮೇಲೆ ಒರಗಿಸಿ ನಿಲ್ಲಿಸಿದ. ಸರಸ ಕನ್ನಡಕ ಹಾಕಿಕೊಂಡಳು.

ಗಾಜಿನ ಕೆಳಗೆ ಒಂದು ಕತ್ತಲೆಯ ಮನೆ. ಎರಡು ಬದಿಯಿಂದ ಸುತ್ತಿಕೊಂಡು ಮೇಲಕ್ಕೆ ಹೋಗುವ ಮೆಟ್ಟಿಲು, ಗುಂಡು ಆ ಮೆಟ್ಟಿಲಿನ ಮೇಲೆಯೇ ಓಡುತ್ತದೆ. ಅಲ್ಲಲ್ಲಿ ಮೇಣದ ಬತ್ತಿಯಂಥ ದೀಪಗಳು ಮಿಣುಕುತ್ತವೆ. ನಡುವೆ ಮೂರು ಬಾಗಿಲು. ಮೇಲೆ ಎದ್ದು ನಿಂತ ದೊಡ್ಡ ಗಾಜಿನ ಹಿಂದೆ ಬಿಳಿ ಉಡುಗೆಯ ಮದುಮಗಳು. ಉಡುಗೆ ಚಿಂದಿಯಾಗಿದೆ, ಕೈಯಲ್ಲಿ ಒಣಗಿದ ಹೂಗಳಿವೆ. ಕಣ್ಣಿದ್ದಲ್ಲಿ ಕಪ್ಪು. ಗುಂಡು ಬಾಗಿಲು ದಾಟಿದ ಕೂಡಲೇ ದೀಪಗಳೆಲ್ಲ ಒಮ್ಮೆಲೇ ಆರಿದವು. ಎಲ್ಲೋ ಒಬ್ಬಳು ಹೆಂಗಸು ಬಾಯಿ ಮುಚ್ಚಿ ರಾಗ ಎಳೆಯುವ ದನಿ. ಹಲಗೆಯ ಅಡಿಯಿಂದ ಒಂದು ಬಿಳಿ ಕೈ ಮೆಲ್ಲನೆ ಎದ್ದು ಬಂದು ಗುಂಡನ್ನು ಹಿಡಿದುಕೊಂಡಿತು.

"ಮ್ಯಾಗ್ನೆಟ್," ಎಂದ ಅಶ್ವಿತ್ ಸಂತೋಷದಿಂದ. "ಹೇಗುಂಟು?"

"ಕತ್ತಲೆ ಸ್ವಲ್ಪ ಹೆಚ್ಚಾಯ್ತು. ನಮ್ಮ ಹಳೆಯದರಲ್ಲೇ ಮಕ್ಕಳು ಗುಂಡು ಎಲ್ಲಿ ಹೋಯ್ತು ಅಂತ ಗಾಜಿಗೆ ಮೂಗು ತಾಗಿಸ್ತಾರೆ."

"ಅದೇ ಅದರ ಮಜಾ. ಮೆಟ್ಟಿಲು?"

"ಮೆಟ್ಟಿಲು ಚಂದ ಉಂಟು. ದೀಪಗಳೂ ಚಂದ. ಆ ರಾಗ ಇಡೀ ದಿನ ಕೇಳಿದರೆ ನನಗೆ ತಲೆನೋವು ಬಂದೀತು."

"ಹೆದರಿಕೆ ಆಗಲಿಲ್ವಾ ನಿಮಗೆ?"

"ಯಾಕೆ ಹೆದರುವುದು? ಪಾಪ, ಯಾರ ಮನೆಯ ಹುಡುಗಿಯೋ."

ಅಶ್ವಿತ್ ನಕ್ಕುಬಿಟ್ಟ. "ಅದಕ್ಕೊಂದು ಕಥೆ ಉಂಟು. ಮದುವೆಯ ದಿನ ಗಂಡು ಬರಲಿಲ್ಲವಂತೆ. ಇವಳು ಕಾದು ಕಾದು ಹಾಗೇ ಸತ್ತದ್ದು. ಈಗ ಮನೆಗೆ ಬಂದವರನ್ನೆಲ್ಲ ಒಳಗೆ ಕೂಡಿ ಹಾಕ್ತಾಳೆ. ನಾವು ಆಡಿ ಆ ಮೂರು ಬಾಗಿಲನ್ನೂ ಮುಚ್ಚಿ ಅವಳನ್ನು ಒಳಗೆ ಹಾಕಬೇಕು. ಆಗ ಗೆದ್ದ ಹಾಗೆ."

"ಮತ್ತೆ ಅವಳು?"

"ಮತ್ತೆ ಎಂತ ಇಲ್ಲ. ಇನ್ನೊಂದು ಟೋಕನ್ ಹಾಕಿದರೆ ಪುನಃ ಹೊರಗೆ ಬರ್ತಾಳೆ."

"ಅವಳ ತಂದೆ ತಾಯಿ ಎಲ್ಲಿ?"

"ಗೇಮಿನಲ್ಲಿ ತಂದೆ ತಾಯಿ ಇಲ್ಲ ಸರಸಕ್ಕ."

"ಇಷ್ಟು ವರ್ಷ ಆಯ್ತು. ಇನ್ನೊಂದು ಗಂಡು ನೋಡಲಿಲ್ವಾ ಯಾರೂ?"

ಸರಸ ಉತ್ತರಕ್ಕೆ ಕಾಯಲಿಲ್ಲ. "ಆ ಕೈ ಬರುವುದನ್ನು ಇನ್ನೊಮ್ಮೆ ತೋರಿಸಿ," ಎಂದಳು.

ದೀಪ ಆರಿತು. ಕೈ ಎದ್ದಿತು. ಬೆರಳು ಉದ್ದ, ಮಣಿಕಟ್ಟು ತುಂಬಿದೆ. ಮಗುವಿನ ಕೈಯಲ್ಲ, ಹೆಂಗಸಿನ ಕೈ. ನೀರು ಸೇದುವ, ಹಿಟ್ಟು ರುಬ್ಬುವ, ಇನ್ನೊಬ್ಬರಿಗೆ ಬಡಿಸಬಲ್ಲ ಕೈ. ಸರಸಳ ಕೈ ಪಕ್ಕದಲ್ಲೇ ಕೌಂಟರಿನ ಮೇಲಿತ್ತು. ಅವಳು ಎರಡನ್ನೂ ನೋಡಿದಳು. ಸತ್ತ ಹುಡುಗಿ ಪ್ರಾಯಕ್ಕೆ ಬಂದರೆ ಹೇಗಿರುತ್ತಾಳೆಂದು ಅವಳು ಈವರೆಗೆ ನೋಡಿರಲಿಲ್ಲ. ಧರ್ಣಪ್ಪನಿಗೆ ಕನಸು ಬೀಳುತ್ತದೆ, ಅವನು ಮಗನ ಮೀಸೆಯನ್ನು ನೋಡಿದ್ದಾನೆ. ಅವಳಿಗೆ ಕನಸು ಬೀಳುವುದಿಲ್ಲ. ಅವಳಲ್ಲಿದ್ದದ್ದು ಒಂದು ಪುಟ್ಟ ಲೋಟ ಮಾತ್ರ.

ಬಳೆ ಈ ಕೈಗೆ ಹಿಡಿಯುವುದಿಲ್ಲ ಎಂದುಕೊಂಡಳು. ರವಿಕೆಯೂ ಹಿಡಿಯುವುದಿಲ್ಲ. ಇಪ್ಪತ್ತು ದಾಟಿದ ಹುಡುಗಿ ಗಂಡಿನ ಮನೆಯವರೆದುರು ಐದು ವರ್ಷದ ರವಿಕೆ ಕೈಯಲ್ಲಿ ಹಿಡಿದು ನಿಂತರೆ?

"ಐದು ನಿಮಿಷ ಕೌಂಟರ್ ನೋಡಿಕೊಳ್ಳಿ," ಎಂದು ಅಶ್ವಿತನಿಗೆ ಹೇಳಿ ಅವಳು ಕೆಳಗಿಳಿದಳು.

ಆಯಿಶಮ್ಮ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು.

"ರವಿಕೆಯ ಬಟ್ಟೆಗೆ ಕತ್ತರಿ ಹಾಕಿದ್ರಾ ಆಯಿಶಮ್ಮ?"

"ಇಲ್ಲ." ಆಯಿಶಮ್ಮ ಕಪಾಟಿನಿಂದ ಬಟ್ಟೆಯನ್ನೂ ಫ್ರಾಕನ್ನೂ ತೆಗೆದು ಮೇಜಿನ ಮೇಲಿಟ್ಟಳು. "ನೀವು ಬರ್ತೀರಿ ಅಂತ ಇಟ್ಟಿದ್ದೆ."

"ನಿಮಗೆ ಹೇಗೆ ಗೊತ್ತು?"

"ಆಟಿಗೆ ಮೊದಲು ಸೀರೆಯ ತುದಿಯಿಂದ ಕತ್ತರಿಸಿದ ರವಿಕೆ ಬಟ್ಟೆ ತಂದು ಕೊಟ್ರೆ ಯಾವ ಮದುವೆಗೆ ಅಂತ ನಮಗೂ ತಿಳೀತದೆ. ಎಷ್ಟು ವರ್ಷ ನಿಮ್ಮ ಜೊತೆ ಬಾಳಿದ್ದೇವೆ. ಫ್ರಾಕಿನ ಅಳತೆಗೆ ಸೀರೆಯ ರವಿಕೆ ಹೊಲಿಯುವುದು ಹೇಗೆ ಅಂತ ನಾನೇ ಕೇಳಬೇಕಿತ್ತು. ಬಾಯಿ ಬರಲಿಲ್ಲ." ಅವಳು ಟೇಪು ತೆಗೆದು ಹೆಗಲಿಗೆ ಹಾಕಿಕೊಂಡಳು. "ಈಗ ಯಾರ ಅಳತೆ?"

"ನನ್ನದೇ ತೆಗೆಯಿರಿ. ನಾನು ಮದುವೆಯಾಗುವಾಗ ಇದ್ದಷ್ಟು."

"ಆಗ ಹೇಗಿದ್ರಿ? ನಾನು ನೋಡಿಲ್ಲವಲ್ಲ."

"ಸಪೂರ ಇದ್ದೆ. ಭುಜ ಹೀಗೇ ಇತ್ತು."

ಆಯಿಶಮ್ಮ ಭುಜ ಅಳೆದಳು, ತೋಳು ಅಳೆದಳು, ಎದೆಯ ಸುತ್ತ ಟೇಪು ತಂದು ಎರಡು ಬೆರಳು ಒಳಗೆ ಹಿಡಿದಳು. ಸರಸ ಕೈ ಎತ್ತಿ ನಿಂತಿದ್ದಳು. ಟೇಪು ತಣ್ಣಗಿತ್ತು. ತನ್ನೊಳಗೆ ಏನಾದರೂ ಆಗಬಹುದೆಂದು ಅವಳು ಕಾದಳು. ಏನೂ ಆಗಲಿಲ್ಲ. ರಸ್ತೆಯಲ್ಲಿ ವೇಣೂರಿನ ಬಸ್ಸು ಹಾರ್ನ್ ಹಾಕುತ್ತಾ ಹೋಯಿತು.

"ಅಪ್ಪನ ಕಡೆಯವರು ಹೇಗೆ, ಎತ್ತರವಾ?"

"ಎತ್ತರ."

"ಹಾಗಾದರೆ ಅರ್ಧ ಇಂಚು ಉದ್ದ ಇರಲಿ," ಎಂದು ಆಯಿಶಮ್ಮ ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗೆರೆ ಎಳೆದಳು.

ಆ ಸಂಜೆ ಬಳೆ ಅಂಗಡಿಯಲ್ಲಿ ಬಳೆಗಳೂ ಬದಲಾದವು. ಬಸ್ಸಿಗೆ ಕಾಯುವಾಗ ಸರಸ ಲೋಕಯ್ಯನಿಗೆ ಫೋನ್ ಮಾಡಿ, "ಹುಡುಗಿಯನ್ನೇ ಕೊಡುವುದು ಅಂತ ಹೇಳಿ," ಎಂದಳು.

ಮದುವೆ ಸಿದ್ಧಕಟ್ಟೆಯ ಮನೆಯ ಚಾವಡಿಯಲ್ಲೇ ನಡೆಯಿತು. ಗಂಡಿನ ಕಡೆಯಿಂದ ಒಂದು ಜೀಪು ಜನ ಬಂದರು. ಮದುವೆಯಾಗದವರು ಈ ಮದುವೆಯನ್ನು ನೋಡಬಾರದು, ನೋಡಿದರೆ ಅವರ ಮದುವೆ ಹಿಂದೆ ಬೀಳುತ್ತದೆ. ಆದ್ದರಿಂದ ಬಂದವರೆಲ್ಲ ಗಂಡ ಹೆಂಡಿರೇ. ಎರಡು ಮಣೆ ಹಾಕಿದರು. ಒಂದರ ಮೇಲೆ ಪಂಚೆ, ಅಂಗಿ. ಇನ್ನೊಂದರ ಮೇಲೆ ಹಸಿರು ಸೀರೆ, ಅದರ ಮೇಲೆ ಹೊಸ ರವಿಕೆ, ಬಳೆ, ಒಂದು ಚೆಂಡು ಮಲ್ಲಿಗೆ.

"ಹುಡುಗನ ಅಂಗಿ ಯಾಕೆ ಹುಡುಗಿಯ ಕಡೆ ವಾಲಿದೆ?" ಎಂದು ಲೋಕಯ್ಯ ಶುರು ಮಾಡಿದ. "ಧಾರೆ ಆಗುವವರೆಗೆ ತಡೆದುಕೊಳ್ಳಲಿಕ್ಕೆ ಹೇಳಿ ಧರ್ಣಪ್ಪಣ್ಣ."

"ಅಪ್ಪನ ಬುದ್ಧಿಯೇ ಬಂದದ್ದು," ಎಂದಳು ದೇಜಮ್ಮ.

ನಗೆಯ ನಡುವೆಯೇ ಅವಳು ಬಗ್ಗಿ ರವಿಕೆಯನ್ನು ಎತ್ತಿಕೊಂಡಳು. ಎರಡು ತೋಳು ಹಿಡಿದು ಎದುರಿಗೆ ಹರಡಿ ನೋಡಿದಳು. ಸರಸ ಕಂಬದ ಹತ್ತಿರ ನಿಂತು ದೇಜಮ್ಮನ ಕೈಯನ್ನೇ ನೋಡುತ್ತಿದ್ದಳು. ದೇಜಮ್ಮ ರವಿಕೆಯನ್ನು ಒಮ್ಮೆ ತನ್ನ ಹೆಗಲಿಗೆ ಹಿಡಿದು ಅಂದಾಜು ಮಾಡಿದಳು.

"ನನಗಿಂತ ಎತ್ತರ ಇದ್ದಾಳೆ ಸೊಸೆ," ಎಂದಳು. "ಅಟ್ಟದ ಮೇಲಿನ ಡಬ್ಬ ತೆಗೆಯಲಿಕ್ಕೆ ಇನ್ನು ನನಗೆ ಸ್ಟೂಲ್ ಬೇಡ." ರವಿಕೆಯನ್ನು ಮಡಚಿ ಸೀರೆಯ ಮೇಲಿಟ್ಟು, ಮಲ್ಲಿಗೆಯನ್ನು ಸರಿ ಮಾಡಿದಳು.

ಮುಂಡಪ್ಪ ಧಾರೆ ಎರೆದ. ನೀರು ಸ್ವಲ್ಪ ಮಣೆಯ ಹೊರಗೆ ಬಿತ್ತು. ಸರಸ ಅವನ ಕೈಯ ಕೆಳಗೆ ತನ್ನ ಕೈ ಕೊಟ್ಟಳು. ಮಗಳು ಹೋದ ಮೇಲೆ ಅವಳ ವಿಷಯದಲ್ಲಿ ಇಬ್ಬರೂ ಸೇರಿ ಮಾಡಿದ ಕೆಲಸ ಅದೊಂದೇ. ಆ ಮೇಲೆ ಜೋಡಿ ಎಲೆ ಹಾಕಿ ನೀರುದೋಸೆ, ಕೋಳಿ ಸಾರು, ಬಂಗುಡೆ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಅಂಗಳದಲ್ಲಿ ನಿಂತರು. ಒಳಗೆ ಮದುಮಕ್ಕಳ ಊಟ ನಡೆಯುವಾಗ ಹೊರಗಿನವರು ಮಾತಾಡುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋದರು.

ಹೊರಡುವಾಗ ದೇಜಮ್ಮ ಸರಸಳನ್ನು ಬದಿಗೆ ಕರೆದಳು.

"ಬೆಳಿಗ್ಗೆ ಅವಳಿಗೆ ಎಂತ ಅಭ್ಯಾಸ ಅಂದ್ರಿ?"

"ಹಾಲು ಹೆಚ್ಚು ಹಾಕಿದ ಚಹಾ."

"ಸಕ್ಕರೆ?"

"ಒಂದು ಚಮಚ ಹೆಚ್ಚಿಗೆ."

"ನಮ್ಮ ಕೊಟ್ಟಿಗೆಯಲ್ಲಿ ಕರೆಯುವ ಹಸು ಉಂಟು. ಎಲೆ ಹಾಕುವ ದಿನ ಅದನ್ನೂ ಇಡ್ತೇನೆ." ದೇಜಮ್ಮ ಬಾಯಿಯ ಎಲೆಯಡಿಕೆಯನ್ನು ಒಂದು ಬದಿಗೆ ಸರಿಸಿದಳು. "ಇನ್ನು ಇಲ್ಲಿ ದಿನಾ ಕರೆಯಬೇಡಿ ಸರಸಕ್ಕ. ಎರಡು ಮನೆಯಿಂದ ಕರೆದರೆ ಹುಡುಗಿ ಎಲ್ಲಿಗೆ ಅಂತ ಹೋಗುವುದು? ಒಮ್ಮೆ ಬಿಟ್ಟುಕೊಡಿ."

ಸರಸ ತಲೆಯಾಡಿಸಿದಳು. ಸೀರೆ, ರವಿಕೆ, ಬಳೆಗಳ ಗಂಟನ್ನು ದೇಜಮ್ಮ ತೊಡೆಯ ಮೇಲಿಟ್ಟುಕೊಂಡು ಕೂತಳು. ಜೀಪು ತಿರುವಿನಲ್ಲಿ ಮರೆಯಾಯಿತು.

ಮಾರನೆಯ ದಿನ ಆಟಿ ಅಮಾವಾಸ್ಯೆ. ಮುಂಡಪ್ಪ ಮುಂಜಾನೆಯೇ ಎದ್ದು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ಪಾಲೆ ಮರದ ತೊಗಟೆ ತಂದಿದ್ದ. ವರ್ಷಕ್ಕೊಮ್ಮೆ ಕುಡಿಯುವ ಆ ಕಹಿ ಕಷಾಯಕ್ಕೆ ದೊಡ್ಡ ಲೋಟ ಬೇಡ. ಸರಸ ಸುತ್ತ ನೋಡಿದಳು. ಕಿಟಕಿಯ ದಂಡೆಯಿಂದ ಪುಟ್ಟ ಲೋಟ ತೆಗೆದು, ಅದಕ್ಕೆ ಕಷಾಯ ಬಗ್ಗಿಸಿ ಗಂಡನ ಮುಂದಿಟ್ಟಳು. ಮುಂಡಪ್ಪ ಲೋಟವನ್ನು ನೋಡಿದ, ಅವಳನ್ನು ನೋಡಿದ. ಮತ್ತೆ ಕಣ್ಣು ಮುಚ್ಚಿ ಕುಡಿದು ಮುಗಿಸಿದ. ಅದೇ ಲೋಟದಲ್ಲಿ ಅವಳೂ ಕುಡಿದಳು. ಕಹಿ ಗಂಟಲಿಗೆ ಇಳಿದು ಹೊಟ್ಟೆಯವರೆಗೆ ಹೋದದ್ದು ಅವಳಿಗೆ ಗೊತ್ತಾಯಿತು. ಬಾಯಿ ತೊಳೆಯದೆ ಸ್ವಲ್ಪ ಹೊತ್ತು ಹಾಗೇ ಕೂತಳು. ಆ ಮೇಲೆ ಲೋಟ ತೊಳೆದು, ಉಳಿದ ಲೋಟಗಳ ಸಾಲಿನಲ್ಲಿ ಇಟ್ಟಳು.

ಗೇಮ್ಸ್ ಸೆಂಟರಿಗೆ ಹೋದಾಗ ಅಶ್ವಿತ್ ಹಳೆಯ ಪಿನ್‌ಬಾಲಿನ ಪಕ್ಕದಲ್ಲಿ ಜಾಗ ಅಳೆಯುತ್ತಿದ್ದ. ಅವಳನ್ನು ಕಂಡು ಟೇಪನ್ನು ಬೆನ್ನ ಹಿಂದೆ ಹಿಡಿದ.

"ಸರಸಕ್ಕ, ಆಯಿಶಮ್ಮ ಹೇಳಿದರು. ನನಗೆ ಗೊತ್ತಿರಲಿಲ್ಲ. ನಾನು ಆವತ್ತು ಆ ವಿಡಿಯೋ ತೋರಿಸಿ, ಅದು ಇದು ಅಂತ ನಗಾಡಿದೆ."

"ಅದರಲ್ಲಿ ಎಂತ ಉಂಟು."

"ಇಲ್ಲ. ನಾನು ಬುಕಿಂಗ್ ಕ್ಯಾನ್ಸಲ್ ಮಾಡ್ತೇನೆ. ಬೇರೆ ಯಾವುದಾದರೂ ತರಿಸುವ, ಕಾರಿನದ್ದೋ ಸರ್ಕಸ್ಸಿನದ್ದೋ. ದಿನಾ ಕೌಂಟರಿನಿಂದ ನಿಮಗೆ ಅದರ ಮುಖ ನೋಡುವುದು ಬೇಡ."

ಸರಸ ಬ್ಯಾಗನ್ನು ಮೊಳೆಗೆ ತೂಗಿಹಾಕಿದಳು. ಡ್ರಾಯರಿನಿಂದ ಗಾಜು ಒರೆಸುವ ಬಟ್ಟೆ ತೆಗೆದು ಕೊಡವಿದಳು.

"ಅದೆಲ್ಲ ಬೇಡ ಅಶ್ವಿತ್," ಎಂದಳು. "ನನಗೋಸ್ಕರ ನಿಲ್ಲಿಸಬೇಡಿ. ಅವಳು ಬರಲಿ. ನಮ್ಮ ಹುಡುಗಿಗೆ ಮನೆಯಾಯ್ತು."

ಅವನು ಮತ್ತೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಹಳೆಯ ಮಷಿನಿನ ಗಾಜಿನ ಮೇಲೆ ಬಟ್ಟೆ ಎಳೆಯತೊಡಗಿದ್ದಳು.